ಫೆಮ್ಕೆಯ ಹುಟ್ಟುಹಬ್ಬ

ಡೆವೆಂಟರ್ ಊರಿನ ಈಜುಕೊಳದಲ್ಲಿ ಟಿಕೆಟ್ ಹರಿಯುವ ಟೀನೆಕೆಗೆ ಐವತ್ತಮೂರು ವರ್ಷ. "ಆಗಲ್ಲ" ಎಂಬ ಒಂದು ಮಾತು ಬಿಟ್ಟು ಮಿಕ್ಕೆಲ್ಲ ಮಾತೂ ಅವಳ ಬಾಯಲ್ಲಿ ಬರುತ್ತಿತ್ತು. ಚರ್ಚಿನ ಕಾಫಿ, ಪಕ್ಕದ ಮನೆಯ ಬೆಕ್ಕು, ಜೊತೆಯವರ ಭಾನುವಾರದ ಪಾಳಿ ಎಲ್ಲವೂ ಅವಳ ತಲೆಗೇ.

ಸಂಜೆ ಪಾತ್ರೆ ತೊಳೆದಿಟ್ಟು ಕಂಪ್ಯೂಟರ್ ಆಟದೊಳಗಿನ ಹಳ್ಳಿಗೆ ಹೋದರೆ ಮಾತ್ರ ಅವಳು ಫೆಮ್ಕೆ. ಕೆಂಪು ಕೂದಲು, ಸಪೂರ ಸೊಂಟ, ದೋಣಿಕಟ್ಟೆಯ ಯಜಮಾನಿಕೆ. ಬಂದ ದೋಣಿಗಳಿಗೆಲ್ಲ ದಿನಕ್ಕೆ ಹತ್ತು ಸಲ "ಆಗಲ್ಲ" ಎನ್ನುತ್ತಿದ್ದಳು. ದೇವರಿಗೆ ಹತ್ತು ಬೇಕಾದವು, ಟೀನೆಕೆಗೆ ಒಂದೇ ಅವತಾರ ಸಾಕಾಗಿತ್ತು.

ಈ ಜುಲೈಗೆ ಅವಳು ಗುಟ್ಟಾಗಿ ಟೆರ್‌ಶೆಲಿಂಗ್ ದ್ವೀಪದಲ್ಲಿ ಒಬ್ಬಳಿಗೇ ಕೋಣೆ ಹಿಡಿದಿದ್ದಳು. ಆದರೆ ಗಂಡ ವೌಟರನ ಅಕ್ಕ ಯಾನೆಟ್ ಪ್ರತಿ ಜುಲೈನಲ್ಲೂ ತನ್ನ ನಾಯಿಯನ್ನು ಇವಳಿಗೆ ಒಪ್ಪಿಸಿ ಸ್ಪೇನಿಗೆ ಹೋಗುವವಳು. ಆಗಲ್ಲ ಎಂದು ಅವಳಿಗೆ ಹೇಳುವುದು ಹೇಗೆ?

ಮಾರ್ಚ್ ಹದಿನೇಳರ ಮಧ್ಯಾಹ್ನ ಯಾನೆಟ್ ಕಾಫಿಗೆ ಬಂದಳು. ಬಂದವಳು ಮೊದಲು ಕಕ್ಕಸಿಗೆ ಹೋದಳು. ಆ ಕಡೆಯ ಮನೆಗಳಲ್ಲಿ ನೆಂಟರಿಷ್ಟರ ಹುಟ್ಟಿದ ದಿನಗಳ ಕ್ಯಾಲೆಂಡರು ತೂಗುವುದು ಅಲ್ಲೇ. ಕೂತವರು ಓದದೆ ವಿಧಿಯಿಲ್ಲ.

"ಫೆಮ್ಕೆ ಯಾರೋ, ವೌಟರ್? ಇವತ್ತು ಅವಳ ಹುಟ್ಟುಹಬ್ಬ ಅಂತ ಬರೆದಿದೆ."

ಆಟದಲ್ಲಿ ಫೆಮ್ಕೆ ಮೊದಲು ಕಣ್ಣುಬಿಟ್ಟ ದಿನವನ್ನು ಎಂದೋ ಹುಮ್ಮಸ್ಸಿನಲ್ಲಿ ಬರೆದಿಟ್ಟವಳು ಟೀನೆಕೆಯೇ. ಕಾಫಿ ಬಗ್ಗಿಸುತ್ತಿದ್ದ ಅವಳ ಕೈ ನಿಂತಿತು.

"ನಮ್ಮನೇಲೇ ಇರ್ತಾಳಕ್ಕ," ಎಂದ ವೌಟರ್. "ಬಾಡಿಗೆ ಕೊಡಲ್ಲ." ಆಮೇಲೆ ಕಂಪ್ಯೂಟರ್ ತೆರೆದು ಫೆಮ್ಕೆಯನ್ನು ತೋರಿಸಿ ವಿಷಯ ಹೇಳಿದ.

ಯಾನೆಟ್ ನಗಲಿಲ್ಲ. ಹುಟ್ಟುಹಬ್ಬವೆಂದರೆ ಹುಟ್ಟುಹಬ್ಬ. ಮನೆಯವರಿಗೂ ಶುಭ ಕೋರುವುದು ಅಲ್ಲಿನ ರೂಢಿ; ತಮ್ಮನ ಕೈಕುಲುಕಿ ಶುಭಾಶಯ ಹೇಳಿದಳು, ಟೀನೆಕೆಗೂ ಹೇಳಿದಳು. ಕಂಪ್ಯೂಟರಿಗೆ ಒಂದು ಕುರ್ಚಿ ಹಾಕಿಸಿ ಅದರ ಮುಂದೆ ಕೇಕ್ ಇಡಿಸಿದಳು.

"ನಿನಗಿಂತ ಸಣ್ಣಗಿದ್ದಾಳಲ್ಲೇ," ಎಂದಳು ಟೀನೆಕೆಗೆ.

"ಕೇಕ್ ಮುಟ್ಟಲ್ಲ, ಅದಕ್ಕೆ," ಎಂದು ವೌಟರ್ ಆ ತಟ್ಟೆಯನ್ನು ತನ್ನತ್ತ ಸರಿಸಿಕೊಂಡ.

"ಸರಿ. ಜುಲೈನಲ್ಲಿ ನಾಯಿ ಬರುತ್ತೆ, ಟೀನೆಕೆ. ಮೂರು ವಾರ."

ಟೀನೆಕೆಯ ಬಾಯಿ "ಆಯ್ತು" ಎನ್ನಲು ತೆರೆಯಿತು. ಬೆರಳುಗಳು ಮಾತ್ರ ಕೀಲಿಮಣೆಗೆ ಹೋದವು. ಪರದೆಯಲ್ಲಿ ಫೆಮ್ಕೆಯ ಕೆಂಪು ಕೂದಲಿನ ಮೇಲೆ ಅಕ್ಷರ ಮೂಡಿತು: ಆಗಲ್ಲ.

ಯಾನೆಟ್ ಕನ್ನಡಕ ಏರಿಸಿ ಓದಿದಳು. "ಇದನ್ನ ಹೇಳ್ತಿರೋದು ಯಾರು?"

ಫೆಮ್ಕೆ ಎಂದಿನ ನಗು ನಗುತ್ತಾ ಸುಮ್ಮನೆ ನಿಂತಿದ್ದಳು. ಅವಳಿಂದ ಇನ್ನೇನೂ ಬರುವಂತಿರಲಿಲ್ಲ.

"ನಾನೇ, ಅತ್ತಿಗೆ," ಎಂದಳು ಟೀನೆಕೆ. "ಜುಲೈನಲ್ಲಿ ದ್ವೀಪಕ್ಕೆ ಹೋಗ್ತಿದ್ದೀನಿ. ಒಬ್ಬಳೇ."

"ಒಬ್ಬಳೇನಾ?" ವೌಟರನ ಬಾಯ್ತುಂಬ ಕೇಕ್.

"ಹೂಂ."

ಯಾನೆಟ್ ಕನ್ನಡಕ ಇಳಿಸಿದಳು. "ಹೋಗಿ ಬಾ. ಹೇಗೂ ವೌಟರ್ ಮನೇಲೇ ಇರ್ತಾನಲ್ಲ, ನಾಯೀನ ಅವನು ನೋಡ್ಕೋತಾನೆ."

ವೌಟರ್ ತಟ್ಟೆ ಕೆಳಗಿಟ್ಟು, ಕಂಪ್ಯೂಟರನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.