ಮಂಜಿನ ಮೇಲೆ ಎರಡು ನೆರಳು

...ಮಂಜು ಅಷ್ಟು ದಟ್ಟವಾಗಿತ್ತೋ, ಫೋಟೋ ನೋಡಿ ನೋಡಿ ನಾನೇ ಅದನ್ನು ದಟ್ಟ ಮಾಡಿಕೊಂಡಿದ್ದೇನೋ — ಈಗ ಹೇಳಲಾರೆ. ಒಂದು ಮಾತ್ರ ಗಟ್ಟಿ, ಫಕೀರಪ್ಪ. ನೀನು ಸುಳ್ಳು ಹೇಳಿರಲಿಲ್ಲ. ಅದು ಗೊತ್ತಾದ ಮೇಲೂ ನಾನು ಏಳು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ನನಗೆ ಬೈಲಹೊಂಗಲದಲ್ಲಿ ಫೋಟೋ ಸ್ಟುಡಿಯೊ, ನಿನಗೆ ಹೂಲಿಯ ಗುಡ್ಡದಲ್ಲಿ ಕುರಿ. ಶಾಲೆಯಲ್ಲಿ ಒಟ್ಟಿಗೆ ಕೂತವರು.

“ಮುಂಜಾನೆ ಮಂಜಿನ ಮ್ಯಾಲೆ ನನ್ನ ನೆರಳ ಬೀಳತೈತಿ, ತಲಿ ಸುತ್ತ ಬಣ್ಣದ ಬಳಿ ಏಳತೈತಿ. ನಿನ್ನ ಡಬ್ಬಿ ತೊಗೊಂಡ ಬಾರಲೇ ದೋಸ್ತಾ” ಎಂದು ನೀನೇ ಕರೆದೆ.

ಮೂರು ಮುಂಜಾನೆ ಬರಿಗೈ. ನಾಲ್ಕನೆಯ ದಿನ — ಐದನೆಯದೋ — ಬೆನ್ನ ಹಿಂದೆ ಸೂರ್ಯ ಎದ್ದ. ಕಣಿವೆಯ ಮಂಜಿನ ಮೇಲೆ ನಮ್ಮಿಬ್ಬರ ನೆರಳು, ನಡುವೆ ನಾಲ್ಕು ಮಾರು ಅಂತರ.

“ನೋಡಲೇ, ನನ್ನ ತಲಿಗಿ!” ಎಂದೆ ನೀನು.

“ಕುರಿ ಕಾದು ಕಣ್ಣ ಹೋದೂ ಏನ? ಬಳಿ ಇರೂದು ನನ್ನ ತಲಿಗಿ” ಎಂದೆ ನಾನು.

ಇಬ್ಬರೂ ನಕ್ಕೆವು. ಕ್ಯಾಮೆರಾ ಒತ್ತಿದೆ.

ಆ ನಗು ಅಲ್ಲೇ ಉಳಿಯಬಹುದಿತ್ತು. ಆದರೆ ಊರಲ್ಲಿ ಯಾರೂ ನಂಬದೆ ಗೇಲಿ ಮಾಡಿದಾಗ ನೀನು ಎಲ್ಲಮ್ಮನ ಭಂಡಾರ ಮುಟ್ಟಿ ಆಣೆ ಮಾಡಿದೆ — ಬಳೆ ನಿನ್ನ ತಲೆಗೇ ಇತ್ತು ಎಂದು. ಆ ಅರಿಸಿನ ಮುಟ್ಟಿ ಆಡಿದ ಮಾತಿಗೆ ನಮ್ಮಲ್ಲಿ ಎರಡನೆಯ ಮಾತಿಲ್ಲ. ಅದೆಲ್ಲ ಕೇಳಿ ತಿಳಿದೂ ನಾನು ಫೋಟೋ ತಂದು ಚಹಾದಂಗಡಿಯ ಕಟ್ಟೆಯ ಮೇಲೆ ಇಟ್ಟೆ. ಬಳೆ ನನ್ನ ನೆರಳಿಗಿತ್ತು. ರುಮಾಲು ಸುತ್ತಿದ ನಿನ್ನ ನೆರಳು ಪಕ್ಕದಲ್ಲಿ ಬರಿದೇ ನಿಂತಿತ್ತು.

“ದೇವಿಗೂ ಟೋಪಿ ಹಾಕಿದೆಲ್ಲೋ ಫಕೀರಾ!” ಎಂದರು ಯಾರೋ.

ನೀನು ನನ್ನನ್ನೇ ನೋಡಿದೆ. ನಾನು — ನಕ್ಕೆನೆಂದು ಕಾಣುತ್ತದೆ. ಅಂದಿನಿಂದ ನಿನ್ನ ಯಾವ ಮಾತಿಗೂ ಊರು ಸಾಕ್ಷಿ ಕೇಳಿತು. ನೀನು ನನ್ನ ಅಂಗಡಿಗೆ ಮತ್ತೆ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಪಾಸ್‌ಪೋರ್ಟ್ ಫೋಟೋಕ್ಕೆಂದು ಬಂದ ಕಾಲೇಜು ಮೇಷ್ಟ್ರೊಬ್ಬರು ಗೋಡೆಗೆ ಚೌಕಟ್ಟು ಹಾಕಿಸಿಟ್ಟಿದ್ದ ಅದೇ ಫೋಟೋದ ಮುಂದೆ ನಿಂತರು. “ಕ್ಯಾಮೆರಾ ಹಿಡದವ್ರು ನೀವ ಅಲ್ರೀ? ಅದಕ್ಕ ಬಳಿ ನಿಮ್ಮ ನೆರಳಿಗೆ ಬಂದದ. ಬಾಜೂ ನಿಂತವ್ರು ನೋಡಿದ್ರ ಅವರ ತಲೀಗೇ ಕಾಣತಿತ್ತು. ಅವರವರಿಗೆ ಅವರವರದ ಕಾಣೂದು.”

ಹೌದ್ರಿ ಎಂದೆ. ಅವರ ಫೋಟೋ ಕತ್ತರಿಸಿ ಕೊಟ್ಟೆ. ಹೂಲಿ ದೂರವಿರಲಿಲ್ಲ — ಬಸ್ಸುಗಳಿದ್ದವು. ಆದರೆ ಗಿರಾಕಿಗಳು ಆ ಚಿತ್ರ ನೋಡಿ, ಶರಣರಂಗ ಕಾಣತೀರಿ ಎನ್ನುತ್ತಿದ್ದರು. ಅದು ನನಗೆ ಹಿತವಾಗಿತ್ತು.

ಏಳು ವರ್ಷದ ಮೇಲೆ ಕೊನೆಗೊಮ್ಮೆ ನಿನ್ನ ಮನೆಗೆ ಬಂದಾಗ ಬಾಗಿಲಲ್ಲಿ ನಿನ್ನ ಹೆಂಡತಿ.

“ತೀರಿ ಹೋಗಿ ಮೂರ ತಿಂಗಳಾತ್ರಿ ಅಣ್ಣಾರ.”

“ನನ್ನ ಸುದ್ದಿ ಏನರೆ ತಗೀತಿದ್ದನೇನ್ರಿ ವೈನಿ?”

“ಇಲ್ರಿ. ಮಂಜ ಬಿದ್ದ ದಿನ ಗುಡ್ಡಕ್ಕ ಕುರಿ ಹೊಡೀತಿದ್ದಿಲ್ಲ, ಅಷ್ಟ.”

ಅವರಿಗೆ ಎಲ್ಲ ಹೇಳಿದೆ. ಕಟ್ಟೆಯವರಿಗೂ ಹೇಳಿದೆ; ಅರ್ಧ ಜನಕ್ಕೆ ಆ ಫೋಟೋ ನೆನಪೇ ಇರಲಿಲ್ಲ.

ಈಗ ಚಳಿಗಾಲದಲ್ಲಿ ಒಬ್ಬನೇ ಗುಡ್ಡ ಹತ್ತುತ್ತೇನೆ, ಕ್ಯಾಮೆರಾ ಇಲ್ಲದೆ. ಬಳೆಗಾಗಿ ಅಲ್ಲ — ನಾಲ್ಕು ಮಾರು ಆಚೆ ಯಾರಾದರೂ ‘ನನ್ನ ತಲಿಗಿ’ ಎಂದು ಕೂಗಲಿ ಎಂದು ಜೀವ ಹಂಬಲಿಸುತ್ತದೆ. ಯಾರೂ ಕೂಗುವುದಿಲ್ಲ.

ನೀನು ಕಡೆಯವರೆಗೂ ನಿನ್ನ ಕಣ್ಣನ್ನೇ ನಂಬಿದೆಯೋ, ನನ್ನ ಫೋಟೋ ನೋಡಿ ದೇವಿಯ ಮುಂದೆ ತಪ್ಪು ಮಾಡಿದೆನೆಂದು ಅಂಜುತ್ತಲೇ ಸತ್ತೆಯೋ — ನನಗೆ ಗೊತ್ತಿಲ್ಲ.