ಹಿಂದಿನ ಎಡಸೀಟಿನ ಭಾರ

ಇಂದು ಬೆಳಿಗ್ಗೆ ಚಿತ್ರದುರ್ಗಕ್ಕೆ ಹೊರಟಾಗ, ಹೊಳಲ್ಕೆರೆಯ ನಮ್ಮ ಶಾಲೆಯ ಮುಂದಿನ ರಸ್ತೆಯುಬ್ಬನ್ನು ಕಾರು ಸದ್ದಿಲ್ಲದೆ ದಾಟಿತು. ತಳ ಕೆರೆಯುವ ಹಳೆಯ ಕರ್ಕಶ ಶಬ್ದವನ್ನು ನಿರೀಕ್ಷಿಸಿ ನನ್ನ ಹಲ್ಲುಗಳು ಮಾತ್ರ ಎಂದಿನಂತೆ ಬಿಗಿದುಕೊಂಡವು. ನಮ್ಮೂರಿನವರು ಇದನ್ನು ‘ಹಂಪ್ಸ್’ ಎನ್ನುತ್ತಾರೆ. ಒಂದೇ ಇದ್ದರೂ ಬಹುವಚನ. ತರಗತಿಯಲ್ಲಿದ್ದಷ್ಟು ಕಾಲ ಅದನ್ನು ತಿದ್ದಿದೆ. ಸ್ವಯಂನಿವೃತ್ತಿ ಪಡೆದ ಮೇಲೆ ಉಬ್ಬಿನ ವಚನಕ್ಕಿಂತ ಅದರ ಎತ್ತರವೇ ನನ್ನ ಚಿಂತೆಯಾಯಿತು. ಅದಕ್ಕೆ ಕಾರಣ ಈ ಕಾರು. ಕಾರಿಗೆ ಕಾರಣ ನನ್ನ ಅಣ್ಣ.

ಆಗಿನ ಕಾರನ್ನು ನೀವು ನೋಡಬೇಕಿತ್ತು. ಹಿರಿಯೂರಿನ ಯಾವನೋ ಶೋಕಿಯ ಯುವಕ ಸ್ಪ್ರಿಂಗುಗಳನ್ನು ಕತ್ತರಿಸಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿಸಿದ್ದ ಹಳೆಯ ಬಿಳಿ ಸೆಡಾನ್. ಸಂಧಿ ಸಮಾಸ ಕಲಿಸುತ್ತಿದ್ದ ನನ್ನಂಥ ಮನುಷ್ಯ ಅದನ್ನು ಓಡಿಸಿಕೊಂಡು ಬರುವುದನ್ನು ಕಂಡು ಹಳೆಯ ವಿದ್ಯಾರ್ಥಿಗಳು, “ಸಾರ್, ರೇಸ್ ಎಲ್ಲೈತೆ?” ಎಂದು ಕೂಗುತ್ತಿದ್ದರು. ಬಟ್ಟೆ ಅಂಗಡಿ ನಡೆಸುತ್ತಿದ್ದ ಅಣ್ಣ ಅದನ್ನು ಕೊಂಡದ್ದು ಶೋಕಿಗಲ್ಲ. ಬಾಲ್ಯದ ಪೋಲಿಯೊ ಅವನ ಬಲಗಾಲನ್ನು ಒಣಗಿಸಿತ್ತು, ಆಳೂ ಗಿಡ್ಡ. ಬೇರೆ ಕಾರುಗಳಲ್ಲಿ ಅವನನ್ನು ಯಾರಾದರೂ ಎತ್ತಿ ಕೂರಿಸಬೇಕಿತ್ತು. ಇದರಲ್ಲಿ ಮಾತ್ರ, ಹಿಂದಿನ ಎಡಬಾಗಿಲಿಗೆ ಬೆನ್ನು ಹಾಕಿ, ಯಾರ ಕೈಯನ್ನೂ ಹಿಡಿಯದೆ ಕೂರುತ್ತಿದ್ದ. ನಾನು ಬಾಗಿಲು ಹಿಡಿದು ನಿಂತರೆ ಸಾಕು. ಆ ಹೊತ್ತಿನಲ್ಲೂ ಅವನ ಮಾತನ್ನು ತಿದ್ದಹೋದರೆ, “ಲೇ, ವ್ಯಾಕರಣ ಆಮ್ಯಾಲೆ ಹೇಳು, ಮೊದ್ಲು ಬಾಗ್ಲು ಹಿಡ್ಕ” ಎನ್ನುತ್ತಿದ್ದ.

ಅವನದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಕಾರಿಗೆ ಜಾಕ್ ಕೊಡುವ ಮೊದಲು ಬಾಗಿಲು ತೆರೆದು ತನ್ನನ್ನು ಇಳಿಯಗೊಡಬೇಕು. ಹೊಸದುರ್ಗದ ದಾರಿಯಲ್ಲೊಮ್ಮೆ ಪಂಕ್ಚರ್ ಅಂಗಡಿಯವನು, “ಕುಂತೇ ಇರ್ರಿ ಸಾರ್, ಏನಾಗಲ್ಲ” ಎಂದಾಗ ಅಣ್ಣ ಕೆರಳಿದ್ದ. “ಏನಪ್ಪ, ನಾನೇನು ಮೂಟೇನಾ? ಹುಟ್ಟಿದಾಗಿಂದ ಎತ್ತಿಸಿಕಂಡು ಸಾಕಾಗೈತೆ. ಇಳೀತೀನಿ ತಡಿ.” ಬಿಸಿಲಲ್ಲಿ ಊರುಗೋಲು ಹಿಡಿದು ನಿಂತೇ ಇದ್ದ.

ಅಂಥ ಅಣ್ಣ ತೀರಿಕೊಂಡ ಮೇಲೆ ಕಾರಿನ ಹಿಂಭಾಗ ಹಗುರಾಗಿ ಏಳಬೇಕಿತ್ತು. ಅದು ಇನ್ನಷ್ಟು ಕುಸಿಯತೊಡಗಿತು, ಎಡಗಡೆಗೆ ಹೆಚ್ಚಾಗಿ. ಸ್ಪ್ರಿಂಗು ಹಳೆಯದು, ಸಹಜ, ಎಂದುಕೊಂಡೆ. ಒಂದು ದಿನ ಎದುರುಮನೆಯ ಕಿರಾಣಿ ಅಂಗಡಿಯವರು, “ಮೇಷ್ಟ್ರೇ, ನಿನ್ನೆ ಹಿಂದೆ ಯಾರ್ನೋ ಕುಂಡ್ರಿಸಿಕಂಡು ಹೊಂಟಿದ್ರಲ್ಲ, ನೆಂಟ್ರಾ?” ಎಂದು ಕೇಳಿದರು. ನಾನು ಒಬ್ಬನೇ ಹೋಗಿದ್ದೆ. ಮನೆಗೆ ಬಂದು, ಕಾರಿನೊಳಗಿನ ಕನ್ನಡಿಯನ್ನು ಚಾವಣಿಯಷ್ಟೇ ಕಾಣುವಂತೆ ಮೇಲಕ್ಕೆ ತಿರುಗಿಸಿಟ್ಟೆ. ನನ್ನಂಥ ಕ್ರಮಬದ್ಧ ಮನುಷ್ಯ ಹಾಗೇಕೆ ಮಾಡಿದೆನೆಂದು ಕೇಳಬೇಡಿ.

ಅತ್ತಿಗೆ ಮಾತ್ರ ನಿಶ್ಚಿಂತರಾಗಿದ್ದರು. ಅವರು ಯಾವಾಗಲೂ ಹಿಂದಿನ ಬಲಸೀಟಿನಲ್ಲೇ ಕೂರುತ್ತಿದ್ದರು. ಎಡಸೀಟಿನ ಮೇಲೆ ಕೈಚೀಲವನ್ನೂ ಇಡುತ್ತಿರಲಿಲ್ಲ. ಆದರೆ ಅವರ ಬೆನ್ನುಮೂಳೆ ಸವೆದಿತ್ತು. ಚಿಕಿತ್ಸೆಗೆಂದು ಮೇಲಿಂದ ಮೇಲೆ ಚಿತ್ರದುರ್ಗಕ್ಕೆ ಹೋಗಬೇಕಿತ್ತು. ಬಸ್ಸು ಹತ್ತಲು ಆಗದು. ಪ್ರತಿ ಉಬ್ಬಿಗೂ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಹೀಗೇ ಮುಂದುವರಿದರೆ ಹಾಸಿಗೆ ಹಿಡಿಯುತ್ತೀರಿ ಎಂದು ವೈದ್ಯರು ಎಚ್ಚರಿಸಿದರು. ಕಾರನ್ನು ಎತ್ತರಿಸೋಣ ಎಂದೆ. ಅತ್ತಿಗೆ, “ಎತ್ತರ ಮಾಡಿದ್ರೆ ಅವ್ರು ಹೆಂಗೆ ಹತ್ತಾರು?” ಎಂದರು. ಯಜಮಾನರಿಗೆ ಊಟಕ್ಕೇನು ಮಾಡಲಿ ಎಂದು ಕೇಳುವಷ್ಟೇ ಸಹಜವಾಗಿತ್ತು ಆ ದನಿ.

ಅಂತೂ ಒಪ್ಪಿಸಿದೆ. ಚಿತ್ರದುರ್ಗದಲ್ಲಿ ಚಂದ್ರವಳ್ಳಿಯ ದಾರಿಯಲ್ಲಿರುವ ಬಾಷಾ ಮಿಸ್ತ್ರಿಯ ಗ್ಯಾರೇಜಿಗೆ ನಡುಮಧ್ಯಾಹ್ನ ಹೋದೆವು. ಅತ್ತಿಗೆ ಹುಣಸೆಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಬಾಷಾ ವಾಚಾಳಿ. “ಇದೇನ್ ಕಾರಾ, ಉಡಾನಾ ಮೇಷ್ಟ್ರೇ, ಹಿಂಗೆ ತೆವಳ್ತೈತೆ?” ಎನ್ನುತ್ತಲೇ ಜಾಕ್ ಕೊಟ್ಟು ಹಿಂಭಾಗವನ್ನು ಎತ್ತಿ, ಹಳೆಯ ಸ್ಪ್ರಿಂಗುಗಳನ್ನು ಬಿಚ್ಚಿ, ಸರಿಯಾದ ಎತ್ತರದ ಹೊಸವುಗಳನ್ನು ಕೂರಿಸಿದ. ಜಾಕ್ ಇಳಿಸಿದಾಗ ಬಲಗಡೆ ನೆಟ್ಟಗೆ ನಿಂತಿತು. ಎಡಗಡೆ ಮೆಲ್ಲಗೆ, ಯಾರೋ ಸರಿಯಾಗಿ ಒರಗಿ ಕುಳಿತಂತೆ, ಕೆಳಗಿಳಿಯಿತು.

“ಸ್ಪ್ರಿಂಗೇ ಡಿಫೆಕ್ಟು” ಎಂದ ಬಾಷಾ, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬದಲಿಸಿದ. ಮತ್ತೆ ಎಡಗಡೆಯೇ ಇಳಿಯಿತು. ಡಿಕ್ಕಿಯ ಮೇಲೆ ಕೈಯೂರಿ ಒತ್ತಿ ನೋಡಿದ. “ರಬ್ಬರ್ ಬುಷ್ ಎಲ್ಲೋ ಹಿಡ್ಕಂಡೈತೆ. ಇಲ್ಲಾಂದ್ರೆ… ಆಳು ಕುಂತಂಗೆ ಭಾರ ಐತಲ್ರೀ ಇದು.” ಆಮೇಲೆ ಅವನು ತಮಾಷೆ ಮಾಡಲಿಲ್ಲ.

ಅತ್ತಿಗೆ ಕುಳಿತಲ್ಲಿಂದಲೇ ನನ್ನನ್ನು ಕೇಳಿದರು: “ಎತ್ತೋಕೆ ಮುಂಚೆ ಬಾಗ್ಲು ತೆಗೆದ್ಯಾ?”

ನಾನು ತೆಗೆದಿರಲಿಲ್ಲ. ಖಾಲಿ ಕಾರಿನ ಬಾಗಿಲನ್ನು ಯಾರು ತಾನೇ ತೆಗೆಯುತ್ತಾರೆ? ಅತ್ತಿಗೆ ಸೊಂಟ ಹಿಡಿದುಕೊಂಡು ಎದ್ದು ಬಂದು, ಹಿಂದಿನ ಎಡಬಾಗಿಲನ್ನು ಪೂರ್ತಿ ತೆರೆದು, “ಇಳೀರಿ” ಎಂದರು. ಊರುಗೋಲು ಹುಡುಕಿ, ಕಾಲನ್ನು ಕೈಯಿಂದ ಎತ್ತಿ ಹೊರಗಿಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದರು. ರಬ್ಬರು ನರಳಿದಂಥ ಸದ್ದಾಯಿತು. ಕಾರು ಎದ್ದು ಸಮನಾಗಿ ನಿಂತಿತು.

“ಬುಷ್ ಬಿಡ್ತು ನೋಡ್ರಿ” ಎಂದ ಬಾಷಾ. ವಿವರಣೆ ಸಮಂಜಸವಾಗಿಯೇ ಇತ್ತು. ನಾನು ಇಂದಿಗೂ ಅದನ್ನು ನಿರಾಕರಿಸುವುದಿಲ್ಲ. ಆದರೆ ಅವನು ಕೈ ಒರೆಸಿಕೊಳ್ಳುತ್ತ ಒಳಗೆ ಹೋದವನು ಬೇಗ ಹೊರಗೆ ಬರಲಿಲ್ಲ.

ಅತ್ತಿಗೆ ತೆರೆದ ಬಾಗಿಲ ಬಳಿ ನಿಂತೇ ಇದ್ದರು. ಸೀಟು ಈಗ ಅವರ ತೊಡೆಯೆತ್ತರಕ್ಕಿತ್ತು. “ಮತ್ತೆ ತಗ್ಗಿಸಲು ಹೇಳಲೇ?” ಎಂದು ಕೇಳಿದೆ. ಅವರ ಕೈ ಬೆನ್ನಿನ ಮೇಲಿತ್ತು. ಕಣ್ಣು ತುಂಬಿಕೊಂಡಿತ್ತು. “ಬ್ಯಾಡ. ನಂಗೂ ಆಗಲ್ಲ. ಎತ್ತಿ ಕೂರಿಸಿದ್ರೆ ಅವ್ರೂ ಒಪ್ಪಲ್ಲ. ಹೋಗಾಣ ನಡಿ.” ಅಂದು ಅವರು ಮೊದಲ ಸಲ ಎಡಸೀಟಿನಲ್ಲಿ ಕುಳಿತರು. ದಾರಿಯ ಉಬ್ಬುಗಳೆಲ್ಲ ಸದ್ದಿಲ್ಲದೆ ಕಳೆದವು. ಊರು ಬರುವವರೆಗೂ ಅವರು ಹಿಂದಿನ ಗಾಜಿನಿಂದ ರಸ್ತೆಯನ್ನೇ ನೋಡುತ್ತಿದ್ದರು.

ಬೆನ್ನುನೋವು ತಗ್ಗಿತು. ಆದರೆ ಮನೆಯಲ್ಲಿ ಅತ್ತಿಗೆ ಸೊರಗಿದರು. ತಟ್ಟೆಯ ಮುಂದೆ ಕುಳಿತು ಹಾಗೇ ಏಳುತ್ತಿದ್ದರು. ನಾನು ದುರ್ಗದಿಂದ ಹಿಂದಿರುಗಿದಾಗಲೆಲ್ಲ, “ಗ್ಯಾರೇಜಿನ ಕಡೆ ಹೋಗಿದ್ಯಾ?” ಎಂದು ಕೇಳುತ್ತಿದ್ದರು. ನಾನು ಬೇರೆ ದಾರಿಯಲ್ಲಿ ಬರುತ್ತಿದ್ದೆ.

ಇಂದು ಬೆಳಿಗ್ಗೆ ನಾನು ಹೊರಡುವಾಗ ಅತ್ತಿಗೆ ಅಡುಗೆಮನೆಯ ಮರದ ಮಣೆಯನ್ನು ತಂದು ಕಾರಿನೊಳಗಿಟ್ಟರು. “ಇದ್ರ ಮ್ಯಾಲೆ ಕಾಲಿಟ್ರೆ ಯಾರೂ ಎತ್ತಬೇಕಾಗಿಲ್ಲ” ಎಂದರು. ನಾನು ತರ್ಕ ಹೂಡಲಿಲ್ಲ.

ಗ್ಯಾರೇಜಿನ ಹುಣಸೆಮರದ ಕೆಳಗೆ ಕಾರು ನಿಲ್ಲಿಸಿ, ಎಡಬಾಗಿಲು ತೆರೆದು, ಕೆಳಗೆ ಮಣೆಯಿಟ್ಟು, ನಾಲ್ಕು ಜನರ ಮುಂದೆ ನಿಂತೆ. ಬಾಷಾ ನಗಲಿಲ್ಲ, ಕೆಲಸದ ಯಂತ್ರವನ್ನು ನಿಲ್ಲಿಸಿ, ತಲೆಯ ಮೇಲೆ ಕರವಸ್ತ್ರ ಹೊದ್ದುಕೊಂಡ. ಬಿಸಿಲಿನಲ್ಲಿ ಗಾಳಿಯೂ ಇರಲಿಲ್ಲ. ಮಣೆ ಒಮ್ಮೆ ಕಿರುಗುಟ್ಟಿತು. ಆಮೇಲೆ ಕಾರು ಎಡಕ್ಕೆ ಮೆಲ್ಲಗೆ ತಗ್ಗಿತು.

ನಿಧಾನವಾಗಿ ಓಡಿಸಿಕೊಂಡು ಬಂದೆ. ಅತ್ತಿಗೆ ಅಂಗಳದಲ್ಲಿ ಕಾಯುತ್ತಿದ್ದರು. ಕಾರಿನ ಹಿಂಭಾಗವನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, ಮನೆಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.