ಗುರುಸಿದ್ದವ್ವ ಊರಿಗೆ ಹೋಗದ ರಜೆ

ಕುವೈತಿನಲ್ಲಿ ದುಡಿಯುವವರ ರಜೆ ಅವರದ್ದಲ್ಲ, ಊರಿನದು. ಹನ್ನೊಂದು ತಿಂಗಳು ಮೈಮುರಿದು ಹನ್ನೆರಡನೆಯದಕ್ಕೆ ವಿಮಾನ ಹತ್ತುವ ಮೊದಲೇ ಆ ಮೂವತ್ತು ದಿನಗಳನ್ನು ಊರಿನವರು ಹಂಚಿಕೊಂಡು ಮುಗಿಸಿರುತ್ತಾರೆ. ಗೃಹಪ್ರವೇಶ ಯಾವತ್ತು, ಜಾವಳ ಯಾವತ್ತು, ಚಿಕ್ಕಪ್ಪನ ಹಲ್ಲು ಕೀಳಿಸಲು ಬೆಳಗಾವಿಗೆ ಹೋಗುವುದು ಯಾವತ್ತು, ಎಲ್ಲ ತೀರ್ಮಾನವಾಗಿರುತ್ತದೆ. ರಜೆ ಪಡೆದವರ ಪಾಲಿಗೆ ಉಳಿಯುವುದು ಕಾರ್ಟನ್ ಕಟ್ಟುವ ಕೆಲಸವೊಂದೇ.

ಕುವೈತಿನ ಜಾಬ್ರಿಯಾ ಬಡಾವಣೆಯ ಒಂದು ಖಾಸಗಿ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಇಪ್ಪತ್ನಾಲ್ಕು ವರ್ಷದಿಂದ ನರ್ಸ್ ಆಗಿರುವ ಗುರುಸಿದ್ದವ್ವ ಇಂಥ ಇಪ್ಪತ್ಮೂರು ಕಾರ್ಟನ್ ಕಟ್ಟಿದ್ದಾಳೆ. ಹಾಲಿನ ಪುಡಿ, ಬಾದಾಮಿ, ಖರ್ಜೂರ, ಕಂಬಳಿ, ಮಂಡಿನೋವಿನ ಮುಲಾಮು, ಸೆಂಟು. ಯಾರಿಗೆ ಏನು ಬೇಕೆಂಬ ಪಟ್ಟಿ ತವರೂರು ಸಂಕೇಶ್ವರದಿಂದ ವಾಟ್ಸಾಪಿನಲ್ಲಿ ಬರುತ್ತದೆ. ಎಲ್ಲ ತುಂಬಿ, ನೀಲಿ ಪ್ಲಾಸ್ಟಿಕ್ ಹಗ್ಗ ಬಿಗಿದು, ಆರೂ ಮಗ್ಗುಲಿಗೆ ದಪ್ಪ ಮಾರ್ಕರಿನಿಂದ ತನ್ನ ಹೆಸರು, ಊರಿನ ಹೆಸರು ಬರೆಯುತ್ತಾಳೆ. ಒಂದು ಮಗ್ಗುಲಿಗೆ ಬರೆದರೂ ಸಾಕಿತ್ತು, ಆದರೆ ಕುವೈತಿನ ಕನ್ನಡಿಗರಲ್ಲಿ ಯಾರೂ ಹಾಗೆ ಮಾಡಿದ್ದಿಲ್ಲ.

ಲೈನ್‌ಮನ್ ಆಗಿದ್ದ ಗಂಡ ಬಸವಂತ ಕಂಬದಿಂದ ಬಿದ್ದು ತೀರಿಕೊಂಡಾಗ ಅವಳಿಗೆ ಇಪ್ಪತ್ತಾರು. ಮಕ್ಕಳಿರಲಿಲ್ಲ. ಅತ್ತೆಮನೆಯವರು ಒಂದು ತಿಂಗಳೊಳಗೆ ತವರಿಗೆ ಕಳಿಸಿದರು. ತಮ್ಮ ಬಾಳಾಸಾಹೇಬನ ಮನೆಯಲ್ಲಿ ಮೂಲೆ ಹಿಡಿದು ಕೂರಲು ಮನಸ್ಸಾಗದೆ ನರ್ಸಿಂಗ್ ಕಲಿತಳು, ಕೊಲ್ಲಾಪುರದಲ್ಲಿ ಐದು ವರ್ಷ ದುಡಿದಳು, ಕುವೈತಿನ ವಿಮಾನ ಹತ್ತಿದಳು. ಊರಿನ ಎಲ್ಲ ಕಾರ್ಯಗಳಿಗೂ ಅವಳು ಬೇಕು. ಬಂದು ಇಳಿದ ಕೂಡಲೇ ಕಾರ್ಟನ್ನನ್ನು ಪಡಸಾಲೆಯ ನಡುವೆ ಇಡುತ್ತಾರೆ, ಅವಳನ್ನು ಅಡುಗೆಮನೆಗೆ ಕಳಿಸುತ್ತಾರೆ. ಮದುಮಗಳ ಉಡಿ ತುಂಬುವ ಹೊತ್ತಿಗೆ ಮುತ್ತೈದೆಯರ ಹೆಸರು ಕೂಗಿ ಕರೆಯುತ್ತಾರೆ. ಅವಳು ತಂದ ರವಿಕೆ ಕಣದಿಂದ ಉಡಿ ತುಂಬುತ್ತಾರೆ, ಅವಳು ತಂದ ಖರ್ಜೂರ ಹಾಕುತ್ತಾರೆ. ವಿಧವೆಯಾದ ಅವಳ ಕೈ ಮಾತ್ರ ಅಲ್ಲಿಗೆ ಬರಬಾರದು. ಇದನ್ನು ಅವಳು ಇಪ್ಪತ್ಮೂರು ವರ್ಷ ನುಂಗಿಕೊಂಡಳು, ಒಂದು ದಿನವೂ ಅದು ಹೊಟ್ಟೆಗೆ ಒಗ್ಗಲಿಲ್ಲ.

ಈ ನಡುವೆ ಅವಳಿಗೆ ಹಕ್ಕಿಗಳ ಹುಚ್ಚು ಹತ್ತಿಸಿದ್ದು ಫಾರಿಸ್ ಎಂಬ ಮುದುಕ. ಅವನು ಅವಳ ಪೇಷಂಟ್, ಕುವೈತಿನವನೇ, ವಾರಕ್ಕೆ ಮೂರು ದಿನ ನಾಲ್ಕು ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಬೇಕಾದವನು. ಬೇರೆಯವರು ಟಿವಿ ನೋಡಿದರೆ ಅವನು ಕಿಟಕಿ ನೋಡುತ್ತಿದ್ದ. ಎದುರು ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ವಲಸೆ ಕಾಲದಲ್ಲಿ ಚಾಣ ಎಂಬ ಸಣ್ಣ ಬೇಟೆಹಕ್ಕಿಯೊಂದು ಬಂದು ಕೂರುತ್ತಿತ್ತು. ಅದನ್ನು ತೋರಿಸಿ ಹೆಸರು ಹೇಳಿದ, ಆಮೇಲೆ ಪುಸ್ತಕ ತಂದ, ಕೊನೆಗೆ ತನ್ನ ಹಳೆಯ ದುರ್ಬೀನನ್ನೇ ಕೊಟ್ಟ. ಗುರುಸಿದ್ದವ್ವ ಶುಕ್ರವಾರ ಬೆಳಿಗ್ಗೆ ಬಸ್ಸು ಹಿಡಿದು ಕೊಲ್ಲಿಯ ಕೆಸರು ದಂಡೆಗೆ ಹೋಗಿ ರಾಜಹಂಸಗಳನ್ನು ನೋಡತೊಡಗಿದಳು. ಮೈದಾನ್ ಹವಲ್ಲಿಯಲ್ಲಿ ಅವಳೊಂದಿಗೆ ಫ್ಲ್ಯಾಟ್ ಹಂಚಿಕೊಂಡಿರುವ ಮಂಗಳೂರಿನ ನರ್ಸ್ ಇನೆಜ್, ಇವಳಿಗೆ ಯಾರೋ ಸಿಕ್ಕಿದ್ದಾರೆಂದೇ ಎರಡು ತಿಂಗಳು ನಂಬಿದ್ದಳು.

ಫಾರಿಸ್‌ಗೆ ಒಂದೇ ಒಂದು ದೊಡ್ಡ ಕಥೆ ಇತ್ತು. ಕಿಡ್ನಿ ಚೆನ್ನಾಗಿದ್ದ ಕಾಲದಲ್ಲಿ ಅವನು ಆಫ್ರಿಕಾದ ಪಶ್ಚಿಮ ತುದಿಗೆ, ಸೆನೆಗಲ್ ದೇಶದ ಸಲೂಮ್ ನದಿ ಸಮುದ್ರಕ್ಕೆ ಸೇರುವಲ್ಲಿಗೆ ಹೋಗಿದ್ದ. ನದಿ ಅಲ್ಲಿ ನೂರಾರು ಕವಲಾಗಿ ಒಡೆಯುತ್ತದೆ. ದಂಡೆಯುದ್ದಕ್ಕೂ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಕಾಡು. ಅದರ ನಡುವಿನ ಒಂದು ದ್ವೀಪಕ್ಕೆ ಚಳಿಗಾಲದ ಸಂಜೆ ಸಾವಿರಾರು ಚಾಣಗಳೂ ಕವಲುಬಾಲದ ಬಿಳಿ ಗಿಡುಗಗಳೂ ಮಲಗಲು ಬರುತ್ತವೆ, ಬೆಳಕು ಹರಿದಾಗ ಒಟ್ಟಿಗೆ ಏಳುತ್ತವೆ. ಇದನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ ಗುರುಸಿದ್ದವ್ವ ಮುಂದಿನ ವಾಕ್ಯವನ್ನು ತಾನೇ ಹೇಳಬಲ್ಲವಳಾಗಿದ್ದಳು.

ಒಂದು ದಿನ ಅವಳು ಸೂಜಿ ಚುಚ್ಚುತ್ತಾ, “ಬರುವ ಜನವರಿಯಲ್ಲಿ ನಾನೂ ಹೋಗುತ್ತೇನೆ” ಎಂದುಬಿಟ್ಟಳು.

ಫಾರಿಸ್ ನಕ್ಕ. “ನೀನು ಹೋಗುವವಳಲ್ಲ, ಸಿಸ್ಟರ್. ನಿಮ್ಮವರ ರಜೆ ನನಗೆ ಗೊತ್ತಿಲ್ಲವೇ? ಹಗ್ಗ ಕಟ್ಟಿದ ಡಬ್ಬ, ಬಾಂಬೆ, ಖಲಾಸ್.”

ಆ ಮಾತು ಅವಳಿಗೆ ಸರಿಯಾಗಿ ತಗುಲಿತು. ಏಪ್ರಿಲ್‌ಗೆ ಕಾಂಟ್ರ್ಯಾಕ್ಟ್ ಮುಗಿಯುತ್ತದೆ, ಇಲ್ಲಿರಲು ಬೇಕಾದ ಇಕಾಮಾ ಪರವಾನಗಿ ಮುಗಿಯುತ್ತದೆ, ಊರಿಗೆ ಮರಳಿದ ಮೇಲೆ ತಮ್ಮನ ಮನೆಯ ಹಿತ್ತಲು ದಾಟಲೂ ಒಬ್ಬರನ್ನು ಕೇಳಬೇಕು. ಐವತ್ತೆಂಟರ ವಿಧವೆಯನ್ನು ಹಕ್ಕಿ ನೋಡಲು ಆಫ್ರಿಕಾಕ್ಕೆ ಕಳಿಸುವ ಮನೆ ಸಂಕೇಶ್ವರದಲ್ಲಿ ಇನ್ನೂ ಕಟ್ಟಿಲ್ಲ. ಉಳಿದಿರುವುದು ಇದೊಂದೇ ರಜೆ. ಈಗ ಹೋದರೆ ಹೋದಂತೆ, ಇಲ್ಲವಾದರೆ ಇಲ್ಲ.

ಮನಸ್ಸು ಗಟ್ಟಿ ಮಾಡಿಕೊಂಡು ಆಫೀಸಿಗೆ ಹೋಗಿ ರಜೆಯ ಫಾರಂ ತುಂಬಿದಳು. ಎಡವಟ್ಟಾದದ್ದು ಅಲ್ಲೇ. ‘ರಜೆಯಲ್ಲಿರುವ ವಿಳಾಸ’ ಎಂಬ ಜಾಗದಲ್ಲಿ ಅವಳ ಕೈ ತಾನಾಗಿಯೇ ಸಂಕೇಶ್ವರದ ವಿಳಾಸ ಬರೆದು, ಕೆಳಗೆ ತಮ್ಮನ ಫೋನ್ ನಂಬರನ್ನೂ ಹಾಕಿ, ಸಹಿ ಮಾಡಿ ಕೊಟ್ಟಿತು. ಇಪ್ಪತ್ಮೂರು ವರ್ಷ ಬರೆದ ಕೈಗೆ ಬೇರೆ ವಿಳಾಸ ಗೊತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಆಫೀಸಿನವರು ಎಂದಿನಂತೆ ಬೆಳಗಾವಿಗೆ ಟಿಕೆಟ್ ಮಾಡಿಸಿ, ಒಂದು ಪ್ರತಿಯನ್ನು ಆ ನಂಬರಿಗೂ ಕಳಿಸಿದರು. ಆ ಸಂಜೆಯೇ ಬಾಳಾಸಾಹೇಬನ ಫೋನ್ ಬಂತು.

“ಅಕ್ಕಾ, ಟಿಕೆಟ್ ಬಂತ ನೋಡು. ಜನವರಿ ಹದಿನೆಂಟಕ್ಕ ನೇತ್ರಾನ ನಿಶ್ಚಯ ಇಟ್ಟೇವಿ, ಮಧ್ಯಾಹ್ನ ಹನ್ನೆರಡೂವರಿಗೆ ಮುಹೂರ್ತ. ನಿನ್ನ ರಜಾ ನೋಡೇ ಇಟ್ಟೇವಿ. ಪಟ್ಟಿ ನಾಳೆ ಕಳಸ್ತೇನಿ.”

ನೇತ್ರಾ ಅವನ ಒಬ್ಬಳೇ ಮಗಳು. ಗುರುಸಿದ್ದವ್ವನಿಗೆ ಆ ಮನೆಯಲ್ಲಿ ಜೀವಕ್ಕೆ ಹತ್ತಿರವಾದವಳು ಅವಳೊಬ್ಬಳೇ. ಆದರೂ ಹೇಳಿದಳು:

“ಬಾಳ್ಯಾ, ನಾ ಬರಾಂಗಿಲ್ಲೊ.”

“ಯಾಕ? ರಜಾ ಸಿಗಲಿಲ್ಲೇನು?”

“ಸಿಕ್ಕೈತಿ. ಆಫ್ರಿಕಾಕ್ಕ ಹೊಂಟೇನಿ.”

“ದವಾಖಾನಿ ಕೆಲಸಕ್ಕೇನು?”

“ಅಲ್ಲ. ಹಕ್ಕಿ ನೋಡಾಕ.”

ಬಾಳಾಸಾಹೇಬ ಹುಚ್ಚರ ಹತ್ತಿರ ಮಾತಾಡುವಾಗ ತೆಗೆಯುವ ಮೆತ್ತಗಿನ ದನಿ ತೆಗೆದ. “ಹಕ್ಕಿ ಇಲ್ಲಿ ಇಲ್ಲೇನಕ್ಕಾ? ನಮ್ಮ ಹೊಲದಾಗ ಬೇಕಾದಷ್ಟ ಅದಾವು.”

“ಇಪ್ಪತ್ಮೂರ ಸಲ ಬಂದೇನಿ. ಒಂದ ದಿನಾ ಹೊಲಕ್ಕ ಕರಕೊಂಡ ಹೋಗಿಯೇನು?”

“ಮಂದಿ ಏನಂತಾರ? ಸೋದರತ್ತಿ ಇಲ್ಲದ ನಿಶ್ಚಯ ಹೆಂಗ?”

“ಸೋದರತ್ತಿ ಬಂದ್ರ ಉಡಿ ಯಾರ ತುಂಬತಾರ?”

“ಅದು... ಪದ್ಧತಿ ಐತಲ್ಲಕ್ಕಾ.”

“ಹಂಗಾರ ಆ ಪದ್ಧತಿನ ಕುಂಡ್ರಿಸಿಕೊಂಡು ನಿಶ್ಚಯ ಮಾಡು” ಎಂದು ಗುರುಸಿದ್ದವ್ವ ಫೋನ್ ಇಟ್ಟಳು. ಚಹಾ ಮಾಡಲು ಹೋಗಿ ಸಕ್ಕರೆಯ ಬದಲು ಉಪ್ಪು ಹಾಕಿದಳು, ಇನೆಜ್ ಅದನ್ನು ಕುಡಿದು ಮುಖ ಕಿವುಚಿದಳು.

“ಎಂತ ಮಾರಾಯ್ತಿ ನಿಂದು? ತಮ್ಮನ ಮಗಳ ಎಂಗೇಜ್‌ಮೆಂಟ್ ಅಲ್ವಾ? ಹಕ್ಕಿ ಮುಂದಿನ ವರ್ಷವೂ ಇರ್ತದೆ.”

“ಹಕ್ಕಿ ಇರತಾವು. ನನ್ನ ರಜಾ ಇರಾಂಗಿಲ್ಲ” ಎಂದಳು ಗುರುಸಿದ್ದವ್ವ. ಮರುದಿನ ಇನೆಜ್ ತನ್ನ ಮಳೆಕೋಟನ್ನು ತಂದು ಗುರುಸಿದ್ದವ್ವನ ಮಂಚದ ಮೇಲಿಟ್ಟಳು.

ಆಮೇಲಿನ ಎರಡು ತಿಂಗಳು ಊರಿನಿಂದ ಬಂದ ಫೋನುಗಳನ್ನು ಇಲ್ಲಿ ಬರೆಯುತ್ತಾ ಕೂತರೆ ಬೇರೊಂದು ಪುಸ್ತಕವೇ ಆದೀತು. ಒಬ್ಬರು ಬುದ್ಧಿ ಹೇಳಿದರು, ಒಬ್ಬರು ಅತ್ತರು, ಅವಳು ಮತಾಂತರವಾಗಿದ್ದಾಳೆಂದು ಒಬ್ಬರು ಸುದ್ದಿ ಹಬ್ಬಿಸಿದರು. ಗುರುಸಿದ್ದವ್ವ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: “ಹದಿನೆಂಟಕ್ಕ ನಾ ದೋಣ್ಯಾಗ ಇರತೇನಿ.” ಬೆಳಗಾವಿಯ ಟಿಕೆಟನ್ನು ವಾಪಸ್ ಮಾಡಿದಳು. ಫಾರಂ ಮತ್ತೆ ತರಿಸಿಕೊಂಡು, ಸಂಕೇಶ್ವರದ ಮೇಲೆ ಗೀಟು ಎಳೆದು, ನದಿಯ ಹೆಸರು ಬರೆದಳು. ಸಾವಿರಾರು ಜನರಿಗೆ ಸೂಜಿ ಚುಚ್ಚಿದವಳು ಹಳದಿ ಜ್ವರದ ಲಸಿಕೆಗೆ ತಾನೇ ತೋಳು ಚಾಚಿದಳು.

ಕಾರ್ಟನ್ ಇಲ್ಲದೆ ಅವಳು ವಿಮಾನ ನಿಲ್ದಾಣಕ್ಕೆ ಹೋದದ್ದು ಅದೇ ಮೊದಲು. ಕೊರಳಲ್ಲಿ ದುರ್ಬೀನು, ಬೆನ್ನಿಗೆ ಒಂದು ಚೀಲ. ಎರಡೂ ಕೈಗಳಿಗೆ ಮಾಡಲು ಏನೂ ಇರಲಿಲ್ಲ, ಎಲ್ಲಿಡಬೇಕೆಂದೇ ಅವಳಿಗೆ ತಿಳಿಯಲಿಲ್ಲ.

ಸಲೂಮ್ ಡೆಲ್ಟಾದ ಊರಿನಲ್ಲಿ ಅವಳ ಇಂಗ್ಲಿಷೂ ನಡೆಯಲಿಲ್ಲ, ಹಿಂದಿಯೂ ನಡೆಯಲಿಲ್ಲ. ನಡೆದದ್ದು ಒಂದು ಸಲಾಮು ಮತ್ತು ‘ಹೊರಡು’ ಎಂಬರ್ಥದ ಒಂದು ‘ಯಲ್ಲಾ’. ಅಷ್ಟರಲ್ಲೇ ದೋಣಿಯವನೂ ಅವಳೂ ನಾಲ್ಕು ದಿನ ಚೆನ್ನಾಗಿ ಸಾಗಿಸಿದರು. ಇಳಿತದ ಹೊತ್ತಿಗೆ ಕಾಂಡ್ಲಾ ಗಿಡಗಳ ಬೇರು ಹೊರಬೀಳುತ್ತಿದ್ದವು, ಬೇರಿಗೆ ಅಂಟಿಕೊಂಡ ಸಿಂಪಿಗಳನ್ನು ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕತ್ತಿಯಿಂದ ಬಿಡಿಸುತ್ತಿದ್ದರು. ಕೊಂಬೆಯಿಂದ ಕೊಂಬೆಗೆ ಕೋತಿಗಳು ಹಾರುತ್ತಿದ್ದವು. ಅವಳ ಎದೆಯೆತ್ತರದ ಒಂದು ಬಕ ಕೆಸರಿನಲ್ಲಿ ನಿಂತು, ದೋಣಿ ಪಕ್ಕದಲ್ಲೇ ಹಾದುಹೋದರೂ ಕದಲಲಿಲ್ಲ. ಫಾರಿಸ್ ಈ ಬಕದ ಸುದ್ದಿಯನ್ನೇ ಎತ್ತಿರಲಿಲ್ಲ. ಅವನಿಗೆ ಕಾಣದ್ದು ತನಗೆ ಕಂಡಿತೆಂದು ಗುರುಸಿದ್ದವ್ವನಿಗೆ ಬಹಳ ಖುಷಿಯಾಯಿತು.

ಹದಿನೆಂಟರ ನಸುಕಿನಲ್ಲಿ ದೋಣಿ ಆ ದ್ವೀಪದ ಎದುರು ನಿಂತಿತ್ತು. ಗಡಿಯಾರದಲ್ಲಿ ಏಳಾಗುತ್ತಿತ್ತು. ಸಂಕೇಶ್ವರದಲ್ಲಿ ಈಗ ಹನ್ನೆರಡೂವರೆ ಎಂದು ಲೆಕ್ಕ ಹಾಕಿದಳು. ನೇತ್ರಾ ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂತಿರುತ್ತಾಳೆ, ಮುತ್ತೈದೆಯರ ಹೆಸರು ಕೂಗುತ್ತಿರುತ್ತಾರೆ. ತಾನು ಮಾಡಿದ್ದು ತಪ್ಪೇ ಎಂದು ಆ ಎರಡು ತಿಂಗಳಲ್ಲಿ ಮೊದಲ ಬಾರಿ ತನ್ನನ್ನೇ ಕೇಳಿಕೊಂಡಳು. ಚೀಲದಲ್ಲಿ ಫೋನ್ ಗುಂಯ್‌ಗುಟ್ಟಿತು. ತೆಗೆದು ನೋಡಿದರೆ ತಮ್ಮನ ಹೆಸರು.

ಅಷ್ಟರಲ್ಲಿ ದೋಣಿಯವನು ಅವಳ ತೋಳು ಮುಟ್ಟಿದ. ಒಣಮರಗಳ ಮೇಲಿನಿಂದ ಒಂದು ಹಕ್ಕಿ ಎದ್ದಿತು, ಹತ್ತು ಎದ್ದವು, ಆಮೇಲೆ ಕಾಡಿಗೆ ಕಾಡೇ ಎದ್ದಂತಾಯಿತು. ಚಾಣಗಳು ಕೆಳಗೆ, ಬಿಳಿ ಗಿಡುಗಗಳು ಮೇಲೆ, ಸದ್ದಿಲ್ಲದೆ ತಲೆಯ ಮೇಲೆ ಹಾದು ಹೋಗುತ್ತಲೇ ಇದ್ದವು. ಗುರುಸಿದ್ದವ್ವ ಫೋನನ್ನು ಚೀಲಕ್ಕೆ ಹಾಕಿ ಎರಡೂ ಕೈಯಲ್ಲಿ ದುರ್ಬೀನು ಹಿಡಿದಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ. “ಇದು ನಂದು” ಎಂದು ಗಟ್ಟಿಯಾಗಿ ಕನ್ನಡದಲ್ಲೇ ಹೇಳಿದಳು. ದೋಣಿಯವನು ಅರ್ಥವಾದವನಂತೆ ತಲೆಯಾಡಿಸಿದ.

ಕುವೈತಿಗೆ ಮರಳಿ ಡ್ಯೂಟಿಗೆ ಬಂದ ದಿನ ಫಾರಿಸ್ ಬಿಸಿಲಿಗೆ ಸುಟ್ಟ ಅವಳ ಮುಖವನ್ನೇ ನೋಡಿದ. ಈ ಸಲ ನಗಲಿಲ್ಲ. ತೋಳು ಮುಂದೆ ಚಾಚಿ, “ಮೊದಲಿನಿಂದ ಹೇಳು, ನಾಲ್ಕು ಗಂಟೆ ಇದೆ” ಎಂದ. ಅವಳು ಬಕದಿಂದ ಶುರು ಮಾಡಿದಳು.

ಆ ಶುಕ್ರವಾರ ನೇತ್ರಾ ಫೋನ್ ಮಾಡಿದಳು.

“ಅತ್ತಿ, ಸಿಟ್ಟ ಅದೀಯೇನು?”

“ನಿನ್ನ ಮ್ಯಾಲ ಇಲ್ಲವ್ವಾ.”

“ಅವತ್ತ ಉಡಿ ತುಂಬಾಗ ಒಂದ ಕಾಯಿ ತಗದು ಬಾಜೂಕ ಇಟ್ಟೆ. ಯಾಕ ಅಂತ ಕೇಳಿದ್ರು. ಇದು ನಮ್ಮತ್ತಿ ಹಾಕೂದು ಅಂದೆ. ಕಾಯಿ ಇನ್ನೂ ದೇವರ ಮನ್ಯಾಗ ಐತಿ.”

ಗುರುಸಿದ್ದವ್ವ ಉತ್ತರಿಸುವ ಮೊದಲೇ ಆ ಕಡೆಯಿಂದ ಬಾಳಾಸಾಹೇಬನ ದನಿ ಕೇಳಿತು: “ಮೇ ಒಂಬತ್ತಕ್ಕ ಲಗ್ನ ಐತಿ, ಬರೂದ ಇದ್ರ ಪಟ್ಟಿ ಕಳಸ್ತೇನಂತ ಹೇಳು ಆಕಿಗೆ.”

“ನೇತ್ರಾ, ಫೋನ್ ನಿಮ್ಮಪ್ಪನ ಕೈಯಾಗ ಕೊಡು” ಎಂದಳು ಗುರುಸಿದ್ದವ್ವ. ಅವನು ಹಲೋ ಎನ್ನುವುದನ್ನೂ ಕಾಯಲಿಲ್ಲ.

“ಬಾಳ್ಯಾ, ಪಟ್ಟಿ ಬ್ಯಾಡ. ಏಪ್ರಿಲ್‌ಗೆ ಇಲ್ಲಿ ಕೆಲಸ ಮುಗಿಸಿ ಲಗ್ನಕ್ಕ ಬರತೇನಿ, ಕಾರ್ಟನ್ ತರಾಂಗಿಲ್ಲ. ಬರೇ ಎರಡು ಕೈ ತರತೇನಿ. ಆ ಕಾಯಿ ನೇತ್ರಾನ ಉಡಿಗೆ ಹಾಕಾವು ಇವ ಕೈ. ಮಂದಿ ಮುಂದ, ಪಡಸಾಲ್ಯಾಗ, ಮೊದಲಿಗೆ. ಅದಕ್ಕ ಒಪ್ಪಿಗಿ ಇದ್ರ ಕರಿ. ಇಲ್ಲಂದ್ರ ಹೇಳಿಬಿಡು, ಆ ನದಿಗೆ ನಾ ನೋಡದ ಕವಲು ಇನ್ನೂ ಭಾಳ ಅದಾವು.”